ಗಟಾರದ ಸಾಕ್ಷ್ಯ

ಇಂದು ನಾವು ಎತ್ತಿಕೊಂಡ ವಿಷಯವು ಶಿಷ್ಟರ ಪಂಕ್ತಿಯಲ್ಲಿ ಆಡತಕ್ಕ ಮಾತಲ್ಲ. ಮಲವೆಂಬ ಶಬ್ದವನ್ನು ಕೇಳಿದೊಡನೆ ಮೂಗು ಮುಚ್ಚಿಕೊಳ್ಳುವುದು ನಮ್ಮ ಜನರ ರೂಢಿ. ಬೆಳಗಿನ ಫಲಾಹಾರಕ್ಕೆ ಕುಳಿತು ಪತ್ರಿಕೆಯನ್ನೋದುವ ವಾಚಕರು ನಮ್ಮನ್ನು ಮನ್ನಿಸಬೇಕು. ಆದರೆ ಊರನ್ನು ಹೊಕ್ಕ ರೋಗದ ಸುದ್ದಿಯನ್ನು ಹಲವು ವೇಳೆ ಆಸ್ಪತ್ರೆಗಿಂತಲೂ ಸರಕಾರದ ಪ್ರಕಟನೆಗಿಂತಲೂ ಮುಂಚೆ ಆ ಊರಿನ ಗಟಾರವೇ ಹೇಳಬಲ್ಲದೆಂಬುದು ಸಿದ್ಧವಾಗಿರುವಾಗ, ಸಂಕೋಚದಿಂದ ಸುಮ್ಮನಿರುವುದು ಸಭ್ಯತೆಯಲ್ಲ, ಅವಿವೇಕ.

ಕೊರೋನಾ ವೈರಾಣುವು ಗಂಟಲು ಶ್ವಾಸಕೋಶಗಳ ಶತ್ರುವೆಂದೇ ಎಲ್ಲರೂ ಬಗೆದಿದ್ದರು. ಆದರೆ 2020ರ ಜನವರಿಯಲ್ಲಿ ಅಮೇರಿಕದ ವಾಷಿಂಗ್ಟನ್ ಸಂಸ್ಥಾನದಲ್ಲಿ ಪತ್ತೆಯಾದ ಆ ದೇಶದ ಮೊದಲನೆಯ ರೋಗಿಯ ಮಲದಲ್ಲಿಯೂ ಅದರ ಗುರುತು ದೊರೆಯಿತು. ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 113 ಮಂದಿಯನ್ನು ತಿಂಗಳುಗಟ್ಟಲೆ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ರೋಗ ಗೊತ್ತಾದ ಮೊದಲ ವಾರದಲ್ಲಿ ಸುಮಾರು ಅರ್ಧ ಮಂದಿಯ ಮಲದಲ್ಲಿ ವೈರಾಣುವಿನ ಆರ್.ಎನ್.ಎ. ಇದ್ದಿತು, ನಾಲ್ಕು ತಿಂಗಳ ಬಳಿಕವೂ ನೂರರಲ್ಲಿ 12.7 ಮಂದಿಯಲ್ಲಿ, ಏಳು ತಿಂಗಳ ಬಳಿಕ 3.8 ಮಂದಿಯಲ್ಲಿ ಅದು ಉಳಿದಿದ್ದಿತು. ಇದನ್ನು ಓದಿ ವಾಚಕರು ಗಾಬರಿಗೊಳ್ಳಲಾಗದು. ಇದು ಬಹುಮಟ್ಟಿಗೆ ಸತ್ತ ವೈರಾಣುವಿನ ಚೂರುಪಾರು. ಮಲದಲ್ಲಿ ಜೀವಂತ ವೈರಾಣು ಕೈಗೆ ಸಿಕ್ಕುವುದು ಬಲು ವಿರಳ. ಕಳ್ಳನು ಹೋದ ಮೇಲೆ ಹೆಜ್ಜೆಯ ಗುರುತು ಉಳಿದಂತೆ ಇದು.

ಈ ಹೆಜ್ಜೆಯ ಗುರುತೇ ಪತ್ತೆದಾರನಿಗೆ ಬೇಕಾದುದು. ಹಾಲೆಂಡಿನ ಆಮರ್ಸ್‌ಫೋರ್ಟ್ ಪಟ್ಟಣದಲ್ಲಿ 2020ರ ಮಾರ್ಚಿ ತಿಂಗಳ ಮೊದಲಲ್ಲಿ ತೆಗೆದ ಗಟಾರದ ನೀರಿನಲ್ಲಿ ವೈರಾಣುವಿನ ತುಣುಕು ಕಾಣಿಸಿತು. ಆ ಊರಿನ ಮೊದಲ ರೋಗಿಗಳ ವರದಿಯಾಗುವುದಕ್ಕೆ ಇನ್ನೂ ಆರು ದಿನಗಳಿದ್ದುವು. ಅದೇ ವರ್ಷದ ಆಗಸ್ಟಿನಲ್ಲಿ ಅರಿಜೋನಾ ವಿಶ್ವವಿದ್ಯಾಲಯದವರು ವಿದ್ಯಾರ್ಥಿನಿಲಯವೊಂದರ ಕೊಳವೆಯ ನೀರನ್ನು ಪರೀಕ್ಷಿಸಲು ಅಲ್ಲಿಯೂ ಗುರುತು ಹತ್ತಿತು. ಒಡನೆಯೇ 311 ಮಂದಿಯನ್ನು ಪರೀಕ್ಷಿಸಿದರು. ಸೋಂಕು ತಗಲಿದವರು ಇಬ್ಬರೇ ಇಬ್ಬರು. ಇಬ್ಬರಿಗೂ ನೆಗಡಿಯಿಲ್ಲ, ಜ್ವರವಿಲ್ಲ. ತಮಗೆ ರೋಗವಿದೆಯೆಂದು ಅವರಿಗೇ ತಿಳಿಯದಿದ್ದುದು ಕೊಳವೆಗೆ ತಿಳಿದಿದ್ದಿತು!

ಇದೇನು ಪರದೇಶದವರ ಜಾಣ್ಮೆ ಮಾತ್ರವೆಂದು ಬಗೆಯಬೇಡಿರಿ. ಪೋಲಿಯೋ ರೋಗದ ಬೇಟೆಗಾಗಿ ಮುಂಬಯಿಯ ಚರಂಡಿಗಳನ್ನು 2001ರಿಂದಲೇ ಪರೀಕ್ಷಿಸುತ್ತ ಬಂದಿದ್ದಾರೆ. 2016ರಲ್ಲಿ ಹೈದರಾಬಾದಿನ ಗಟಾರದ ನೀರಿನಲ್ಲಿ ಲಸಿಕೆಯಿಂದ ಹುಟ್ಟಿದ ಪೋಲಿಯೋ ವೈರಾಣು ಕಂಡೊಡನೆ, ಒಂದು ಮಗುವಿಗೂ ರೋಗ ತಗಲಿದ ವರದಿಯಿಲ್ಲದಿದ್ದರೂ, ಸುಮಾರು 3 ಲಕ್ಷ ಮಕ್ಕಳಿಗೆ ಚುಚ್ಚುಮದ್ದು ಕೊಡಿಸಲು ಹೊರಟರು. ಕೊರೋನಾ ಕಾಲದಲ್ಲಿ ಅಹಮದಾಬಾದಿನ ಹಳೆಯ ಪಿರಾಣಾ ಶುದ್ಧೀಕರಣ ಕೇಂದ್ರದಿಂದ 2020ರ ಮೇ ತಿಂಗಳಲ್ಲಿ ತೆಗೆದ ನೀರಿನಲ್ಲಿ ಗಾಂಧಿನಗರದ ಐ.ಐ.ಟಿ.ಯವರು ವೈರಾಣುವನ್ನು ಗುರುತಿಸಿದರು. ಆಗಸ್ಟಿನಲ್ಲಿ ಹೈದರಾಬಾದಿನ ಸಿ.ಸಿ.ಎಂ.ಬಿ. ಮತ್ತು ಐ.ಐ.ಸಿ.ಟಿ. ಸಂಸ್ಥೆಗಳವರು, ಆ ನಗರದಲ್ಲಿ ಹಿಂದಿನ 35 ದಿನಗಳೊಳಗೆ ಸುಮಾರು 6.6 ಲಕ್ಷ ಜನರಿಗೆ ಸೋಂಕು ತಗಲಿರಬೇಕೆಂದು ಗಟಾರದ ನೀರಿನಿಂದಲೇ ಅಂದಾಜು ಮಾಡಿದರು. ನಮ್ಮ ಬೆಂಗಳೂರಿನಲ್ಲಿಯೂ 2022ರ ಜನವರಿಯಿಂದ ಜೂನ್‌ವರೆಗೆ 28 ಶುದ್ಧೀಕರಣ ಕೇಂದ್ರಗಳ ನೀರನ್ನು ಪರೀಕ್ಷಿಸಿ, ಓಮಿಕ್ರಾನ್ ತಳಿಯ ಏರಿಳಿತವನ್ನು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಮತ್ತು ಟಾಟಾ ಸಂಸ್ಥೆಯ ವಿದ್ವಾಂಸರು ಹಿಂಬಾಲಿಸಿದರು.

ಈ ಲೆಕ್ಕವು ಕಿರಾಣಿ ಅಂಗಡಿಯ ತಕ್ಕಡಿಯಷ್ಟು ಸರಿಯಾದುದೆಂದು ನಾವು ಹೇಳುವುದಿಲ್ಲ. ಮಳೆ ಬಂದರೆ ನೀರು ತೆಳ್ಳಗಾಗುವುದು. ಒಬ್ಬನು ಹೆಚ್ಚು ವಿಸರ್ಜಿಸುವನು, ಇನ್ನೊಬ್ಬನು ಕಡಿಮೆ. ಆದುದರಿಂದ ತಲೆಯೆಣಿಕೆಗಿಂತ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ನಂಬುವುದು ಮೇಲು. ನೀರಿನಲ್ಲಿ ಮಲದ ಪ್ರಮಾಣವೆಷ್ಟೆಂದು ತಿಳಿಯಲು ಶಾಸ್ತ್ರಜ್ಞರು ಹಿಡಿದ ಉಪಾಯವಂತೂ ನಗು ತರಿಸುವಂತಹದು: ಮೆಣಸಿನ ಗಿಡಕ್ಕೆ ತಗಲುವ ವೈರಾಣುವೊಂದು ಮೆಣಸಿನಕಾಯಿ ತಿನ್ನುವ ಮನುಷ್ಯನ ಹೊಟ್ಟೆಯನ್ನು ಕೆಡದೆ ದಾಟಿ ಬರುತ್ತದೆ, ಅದನ್ನೇ ಅಳತೆಗೋಲನ್ನಾಗಿ ಮಾಡಿಕೊಂಡಿದ್ದಾರೆ. ಬ್ಯಾಡಗಿಯ ನಾಡಿನವರಾದ ನಮಗೆ ಈ ಅಳತೆಗೋಲಿನ ಕೊರತೆ ಎಂದಿಗೂ ಬಾರದು.

ಗಟಾರದ ಸಾಕ್ಷ್ಯದಲ್ಲಿ ನಾವು ಮೆಚ್ಚುವ ಗುಣವು ಇನ್ನೊಂದುಂಟು. ಗಂಟಲ ಪರೀಕ್ಷೆಗೆ ದಿನಗೂಲಿ ಬಿಟ್ಟು ಸಾಲಿನಲ್ಲಿ ನಿಲ್ಲಬೇಕು. ಕೂಲಿಯವನಿಗೆ ಅದೆಲ್ಲಿ ಸಾಧ್ಯ? ಆದರೆ ಕೊಳವೆಯು ಹೆಸರು ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ, ಹಣ ಕೇಳುವುದಿಲ್ಲ. ಬಂಗಲೆಯದೂ ಗುಡಿಸಲದೂ ಅಲ್ಲಿ ಒಂದೇ ನೀರು.

ಗುಡಿಸಲಿಗೆ ಕೊಳವೆ ಇದ್ದರೆ ಎಂದು ಇಲ್ಲಿ ಸೇರಿಸಬೇಕಾಗಿದೆ. ಸಂಕಟವಿರುವುದು ಇಲ್ಲಿಯೇ. ಬೆಂಗಳೂರಿಗೆ 2007ರಲ್ಲಿ ಸೇರಿದ 110 ಹಳ್ಳಿಗಳಿಗೆ ಒಳಚರಂಡಿಯು ಬಹುಕಾಲ ಬರಲಿಲ್ಲ. ಜಿಲ್ಲೆಯ ಊರುಗಳಲ್ಲಿ ಎಷ್ಟೋ ಕೇರಿಗಳ ಪಾಯಖಾನೆಗಳು ಗುಂಡಿಗೆ ಇಳಿಯುತ್ತವೆ. ಬಚ್ಚಲ ನೀರು ತೆರೆದ ಮೋರಿಯಲ್ಲಿ ಹರಿಯುತ್ತದೆ. ಶುದ್ಧೀಕರಣ ಕೇಂದ್ರದ ಬಾಗಿಲಲ್ಲಿ ಮಾತ್ರ ಶೀಸೆ ತುಂಬಿಕೊಂಡು "ಊರೆಲ್ಲ ಕ್ಷೇಮ" ಎಂದು ಬರೆದರೆ, ಅದು ಕೊಳವೆಯುಳ್ಳವರ ಕ್ಷೇಮ. ಎಲ್ಲಿ ಜನ ಒತ್ತಾಗಿ ಬಾಳುವರೋ, ಎಲ್ಲಿ ವೈದ್ಯನು ದೂರವೋ, ಆ ಕೇರಿಯು ಗಂಟಲಿನ ಲೆಕ್ಕದಲ್ಲಿಯೂ ಇಲ್ಲ, ಗಟಾರದ ಲೆಕ್ಕದಲ್ಲಿಯೂ ಇಲ್ಲ.

ಇದಕ್ಕೆ ಉಪಾಯವಿಲ್ಲವೆಂದಲ್ಲ. ಪೋಲಿಯೋ ಪರೀಕ್ಷೆಯವರು ತೆರೆದ ಚರಂಡಿಯಿಂದಲೇ ನೀರು ಮೊಗೆದು ಒಯ್ಯುವುದುಂಟು. ಗುಂಡಿಗಳನ್ನು ಬರಿದುಮಾಡುವ ಲಾರಿಯ ಚಾಲಕನನ್ನು ವಾರಕ್ಕೊಮ್ಮೆ ನಿಲ್ಲಿಸಿ ಒಂದು ಶೀಸೆಯಷ್ಟನ್ನು ಪಡೆಯುವುದು ಪುರಸಭೆಗೆ ಭಾರವಾದ ಕೆಲಸವೆ? ನೀರು ತೆಗೆಯುವ ನೆಪದಲ್ಲಿ ಮಾತ್ರ ಮನುಷ್ಯನನ್ನು ಗುಂಡಿಯೊಳಗೆ ಇಳಿಸಕೂಡದು. 2013ರ ಕಾಯಿದೆಯು ಅದನ್ನು ಒಪ್ಪುವುದಿಲ್ಲ, ನಮ್ಮ ಮನಸ್ಸೂ ಒಪ್ಪುವುದಿಲ್ಲ. ಹಗ್ಗ, ಬಕೆಟ್ಟು, ಕೈಗವಸು ಇಷ್ಟು ಸಾಕು.

ಇನ್ನು ಫಲಿತಾಂಶದ ಮಾತು. ಅಮೇರಿಕದ ರೋಗನಿಯಂತ್ರಣ ಕೇಂದ್ರದವರು 2020ರ ಸೆಪ್ಟೆಂಬರಿನಲ್ಲಿ ತಮ್ಮ ದೇಶದ ಗಟಾರಗಳ ಕಾವಲನ್ನು ಆರಂಭಿಸಿ, ಅದರ ಅಂಕಿಗಳನ್ನು ಎಲ್ಲರೂ ನೋಡುವಂತೆ ಪ್ರಕಟಿಸಿದರು. ನಮ್ಮಲ್ಲಿ ಇಂತಹ ಅಂಕಿಗಳು ವಿದ್ವಾಂಸರ ಇಂಗ್ಲಿಷ್ ಪತ್ರಿಕೆಗಳಲ್ಲಿ ತಿಂಗಳುಗಳ ಮೇಲೆ ಅಚ್ಚಾಗುವುದೇ ಹೆಚ್ಚು. ರೋಗ ಇಳಿದ ಮೇಲೆ ಬಂದ ಮುನ್ಸೂಚನೆಯಿಂದ ಕೂಲಿಯವನಿಗೇನು ಲಾಭ? ವಾರದ ಅಂಕಿಯನ್ನು ಪುರಸಭೆಯ ಹಲಗೆಯ ಮೇಲೆ, ಕನ್ನಡದಲ್ಲಿ, ಕೇರಿ ಕೇರಿಯ ಹೆಸರು ಹಿಡಿದು ಬರೆಯಿಸತಕ್ಕದ್ದು. ಮನೆಯ ಹೆಸರು ಹಿಡಿದಲ್ಲ. ಒಂದು ಮನೆಯ ಕೊಳವೆಯವರೆಗೆ ಬೆನ್ನಟ್ಟಿ ಹೋದರೆ ಅದು ಆರೋಗ್ಯದ ಕಾವಲಾಗದು, ಬೇಹುಗಾರಿಕೆಯಾದೀತು. 2020ರಲ್ಲಿ ರೋಗಿಯ ಮನೆಗೆ ಚೀಟಿ ಅಂಟಿಸಿದಾಗ ನೆರೆಯವರು ಹೇಗೆ ನಡೆದುಕೊಂಡರೆಂಬುದನ್ನು ನಮ್ಮ ವಾಚಕರು ಮರೆತಿರಲಾರರು.

ಜಾಗತಿಕ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಕೊರೋನಾ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ವೈರಾಣು ಮುಗಿಯಿತೆಂದು ಸಾರಲಿಲ್ಲ. ಪುರಸಭೆಗಳವರು ಮುಂದಿನ ಆಯವ್ಯಯದ ಪಟ್ಟಿಗೆ ಕುಳಿತಾಗ ಕಾರಂಜಿಗೂ ಸ್ವಾಗತ ಕಮಾನಿಗೂ ಹಣ ತೆಗೆದಿಟ್ಟ ಬಳಿಕವಾದರೂ, ವಾರಕ್ಕೊಂದು ಶೀಸೆ ಕೊಳಚೆ ನೀರಿಗೆ, ಅದನ್ನು ಮಂಜುಗಡ್ಡೆಯಲ್ಲಿಟ್ಟು ಪ್ರಯೋಗಶಾಲೆಗೆ ಒಯ್ಯುವ ಬಂಡಿಯ ಬಾಡಿಗೆಗೆ, ಒಂದು ಸಾಲು ಬರೆದುಕೊಳ್ಳುವರೆ?