ಸಂಸಾರಿಯ ಜುಜುತ್ಸು ಅಭ್ಯಾಸ

ವಿದ್ಯೆಯನ್ನು ಕಲಿಯಲು ಆಸೆಯುಳ್ಳವರು ಲೋಕದಲ್ಲಿ ಬಹುಮಂದಿ; ಅದಕ್ಕೆ ಬೇಕಾದ ಕಾಲವುಳ್ಳವರು ಕೆಲವೇ ಮಂದಿ. ಬೆಳಗ್ಗೆ ಮಕ್ಕಳನ್ನು ಶಾಲೆಗೆ ಕಳುಹಿಸಿ, ಹಗಲೆಲ್ಲ ಕಚೇರಿಯಲ್ಲೋ ಅಂಗಡಿಯಲ್ಲೋ ದುಡಿದು, ಸಂಜೆ ವೃದ್ಧರ ಔಷಧ, ಮನೆಯ ಸಾಮಾನು, ನೆಂಟರಿಷ್ಟರ ಮದುವೆಮುಂಜಿಗಳನ್ನು ನೋಡಿಕೊಳ್ಳಬೇಕಾದ ಗೃಹಸ್ಥನಿಗೆ ತನ್ನದೆಂದು ಹೇಳಿಕೊಳ್ಳುವ ಹೊತ್ತು ವಾರಕ್ಕೆ ಎರಡು ಮೂರು ಗಂಟೆ ಉಳಿದರೆ ಅದೇ ಭಾಗ್ಯ. ಅಂತಹವನು ನಲವತ್ತು ವರ್ಷ ದಾಟಿದ ಮೇಲೆ, ಹುಡುಗರೊಡನೆ ನೆಲದ ಮೇಲೆ ಹೊರಳಾಡಿ ಕಲಿಯಬೇಕಾದ ಜುಜುತ್ಸು ವಿದ್ಯೆಗೆ ಕೈಹಾಕಿದರೆ ಮುಂದುವರಿಯಬಲ್ಲನೆ? ಬಲ್ಲನೆಂದೇ ನನ್ನ ನಂಬಿಕೆ. ಆದರೆ ಅದಕ್ಕೆ ಒಂದು ಕ್ರಮವುಂಟು. ಆ ಕ್ರಮವನ್ನರಿಯದೆ ನಾನು ಮೊದಲ ಒಂದು ವರ್ಷವನ್ನೂ ಒಂದು ಮೊಳಕೈಯನ್ನೂ ಕೆಡಿಸಿಕೊಂಡೆನು. ವಾಚಕರಿಗೆ ಆ ನಷ್ಟ ತಪ್ಪಲಿ ಎಂದು ಇದನ್ನು ಬರೆಯುತ್ತಿರುವೆನು.

ಜುಜುತ್ಸು ಜಪಾನ್ ದೇಶದ ಹಳೆಯ ಮಲ್ಲವಿದ್ಯೆ. ‘ಜು’ ಎಂದರೆ ಮೃದುವಾದುದು, ಬಾಗುವ ಗುಣವುಳ್ಳದ್ದು. ‘ಜುತ್ಸು’ ಎಂದರೆ ಕಲೆ. ಬಲಕ್ಕೆ ಬಲವನ್ನೊಡ್ಡದೆ, ಎದುರಾಳಿಯ ಬಲದಿಂದಲೇ ಅವನ ಸಮತೋಲವನ್ನು ಕೆಡಿಸುವುದು ಇದರ ಮರ್ಮ. ಇದನ್ನು ಹೊಸ ಕಾಲಕ್ಕೆ ತಕ್ಕಂತೆ ತಿದ್ದಿದ ಮಹನೀಯರು ಜಿಗೊರೊ ಕಾನೊ (1860–1938). ಗಾತ್ರದಲ್ಲಿ ಅವರು ಸಣ್ಣವರು, ವೃತ್ತಿಯಲ್ಲಿ ಉಪಾಧ್ಯಾಯರು. 1882ರಲ್ಲಿ ಟೋಕಿಯೋ ನಗರದ ಐಶೋಜಿ ಎಂಬ ಬೌದ್ಧ ದೇವಾಲಯದೊಳಗೆ, ಹನ್ನೆರಡು ಚಾಪೆ ಹಿಡಿಸುವ ಕೋಣೆಯಲ್ಲಿ, ಅವರು ಕೊಡೊಕಾನ್ ಶಾಲೆಯನ್ನು ತೆರೆದು ತಮ್ಮ ಪದ್ಧತಿಗೆ ಜೂಡೋ ಎಂದು ಹೆಸರಿಟ್ಟರು. ಆ ಶಾಲೆಯಲ್ಲಿ ಕಲಿತ ಮಿತ್ಸುಯೊ ಮಯೇಡಾ ಎಂಬವರು 1914ರಲ್ಲಿ ಬ್ರೆಜಿಲ್ ದೇಶವನ್ನು ಸೇರಿದರು. ಅವರ ಶಿಷ್ಯಪರಂಪರೆಯಲ್ಲಿ ಬಂದ ಕಾರ್ಲೊಸ್ ಗ್ರೇಸಿ ಮತ್ತು ಅವರ ಕೃಶಶರೀರಿಯಾದ ತಮ್ಮ ಹೀಲಿಯೊ ಗ್ರೇಸಿ ಇವರು ನೆಲದ ಮೇಲಿನ ಹಿಡಿತಗಳನ್ನು ವಿಶೇಷವಾಗಿ ಬೆಳೆಸಿದರು. ಇಂದು ಬ್ರೆಜಿಲಿಯನ್ ಜುಜುತ್ಸು ಎಂಬ ಹೆಸರಿನಿಂದ ಬೆಂಗಳೂರಿನಲ್ಲಿಯೂ ಕಲಿಸಲ್ಪಡುವುದು ಈ ಶಾಖೆಯೇ.

ನಮ್ಮ ಗರಡಿಯ ಕುಸ್ತಿಯಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ತಾಗಿದರೆ ‘ಚಿತ್’ ಎಂದು ಆಟ ಮುಗಿಯಿತು. ಇಲ್ಲಿಯಾದರೋ ಆಟದ ಬಹುಭಾಗ ಅಲ್ಲಿಂದಲೇ ಆರಂಭವಾಗುವುದು. ಕೆಳಗೆ ಬಿದ್ದವನು ಕಾಲುಗಳಿಂದ ಮೇಲಿನವನ ಸೊಂಟವನ್ನು ಸುತ್ತಿ ತಡೆಯಬಹುದು, ಉರುಳಿಸಿ ಮೇಲೇಳಬಹುದು, ಕೈಯ ಕೀಲನ್ನು ಹಿಡಿದೋ ಕೊರಳನ್ನು ಒತ್ತಿಯೋ ಸೋಲೊಪ್ಪಿಸಬಹುದು. ಸೋತವನು ಎದುರಾಳಿಯ ಮೈಯನ್ನೋ ನೆಲವನ್ನೋ ಅಂಗೈಯಿಂದ ಎರಡು ಮೂರು ಬಾರಿ ತಟ್ಟುವನು. ತಟ್ಟಿದ ಕ್ಷಣವೇ ಹಿಡಿತವನ್ನು ಬಿಡುವುದು ಧರ್ಮ. ಆದಕಾರಣ ಪೂರ್ಣ ಬಲದಿಂದ ಸೆಣಸಿಯೂ ಇಬ್ಬರೂ ನಗುತ್ತ ಮನೆಗೆ ಹೋಗುವುದು ಇಲ್ಲಿ ಸಾಧ್ಯ.

ಇದು ಬೇಗ ಕೈಸೇರುವ ವಿದ್ಯೆಯಲ್ಲ. ವಯಸ್ಕರಿಗೆ ಬಿಳಿ, ನೀಲಿ, ನೇರಳೆ, ಕಂದು, ಕಪ್ಪು ಎಂದು ಐದು ಬಣ್ಣದ ಪಟ್ಟಿಗಳುಂಟು. ಅಂತರರಾಷ್ಟ್ರೀಯ ಒಕ್ಕೂಟದ ಸಾಮಾನ್ಯ ನಿಯಮದಂತೆ ನೀಲಿಯಲ್ಲಿ 2 ವರ್ಷ, ನೇರಳೆಯಲ್ಲಿ ಒಂದೂವರೆ ವರ್ಷ, ಕಂದಿನಲ್ಲಿ 1 ವರ್ಷ ಕಳೆಯದೆ ಮುಂದಿನ ಪಟ್ಟಿಯಿಲ್ಲ. ವಾಸ್ತವವಾಗಿ ಕಪ್ಪು ಪಟ್ಟಿಗೆ ಹತ್ತು ವರ್ಷ ಹಿಡಿಯುವುದು ಸಾಮಾನ್ಯ. ಹೀಗಿರಲು ಸಂಸಾರಿಯು ಮೊದಲು ಮಾಡಬೇಕಾದುದು ಲೆಕ್ಕ. ನನ್ನ ಲೆಕ್ಕವನ್ನು ಕೇಳಿರಿ. ವಾರಕ್ಕೆ ಎರಡು ಸಂಜೆ, ಒಂದೊಂದೂ ಒಂದೂವರೆ ಗಂಟೆ. ಅದರಲ್ಲಿ ಮೈ ಬಿಸಿಮಾಡುವುದು, ಗುರುಗಳು ತೋರಿಸಿದ್ದನ್ನು ನೋಡುವುದು, ಜೊತೆಗಾರನೊಡನೆ ಅದನ್ನು ತಿದ್ದಿಕೊಳ್ಳುವುದು ಕಳೆದರೆ, ನಿಜವಾಗಿ ಸೆಣಸುವುದು ಐದು ನಿಮಿಷಗಳ ನಾಲ್ಕು ಸುತ್ತು, ಅಂದರೆ 20 ನಿಮಿಷ. ವಾರಕ್ಕೆ 40 ನಿಮಿಷ. ಹಬ್ಬ, ಜ್ವರ, ಪ್ರಯಾಣಗಳನ್ನು ಬಿಟ್ಟು ವರ್ಷಕ್ಕೆ 48 ವಾರ ಹೋದರೂ ಒಟ್ಟು 32 ಗಂಟೆ! ವಾರಕ್ಕೆ ಆರು ದಿನ ಬರುವ ತರುಣನು ಇಷ್ಟನ್ನು ನಾಲ್ಕು ತಿಂಗಳಲ್ಲಿ ಮುಗಿಸುವನು. ಅವನೊಡನೆ ನಮ್ಮನ್ನು ಹೋಲಿಸಿಕೊಂಡು ಕೊರಗುವುದು ವ್ಯರ್ಥ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿರುವುದು ಇಂತಹ ಸಂದರ್ಭಕ್ಕೇ.

ಈ ಲೆಕ್ಕವನ್ನು ನಾನು ಮೊದಲ ವರ್ಷ ಹಾಕಲಿಲ್ಲ. ಕಾಲ ಕಡಿಮೆಯಾದುದರಿಂದ ಅವಸರವಾಗಿ ಎಲ್ಲವನ್ನೂ ಕಲಿಯಬೇಕೆಂದು ಬಗೆದೆನು. ರಾತ್ರಿ ಎಲ್ಲರೂ ಮಲಗಿದ ಮೇಲೆ ದೂರವಾಣಿಯ ತೆರೆಯಲ್ಲಿ ಪಟ್ಟುಗಳ ಚಿತ್ರಗಳನ್ನು ನೋಡುತ್ತ, ಪ್ರತಿವಾರವೂ ಒಂದು ಹೊಸ ಪಟ್ಟನ್ನು ಹೊತ್ತುಕೊಂಡು ಹೋಗುತ್ತಿದ್ದೆನು. ಅಲ್ಲಿ ಅದು ಬರುತ್ತಿರಲಿಲ್ಲ. ಮುಂದಿನ ವಾರ ಅದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಿದ್ದೆನು. ವರ್ಷದ ಕೊನೆಗೆ ಐವತ್ತು ಪಟ್ಟುಗಳ ಹೆಸರು ಬಾಯಿಗೆ ಬಂದಿತ್ತು. ಒಂದೂ ಕೈಗೆ ಬಂದಿರಲಿಲ್ಲ. ಮನಸ್ಸು ಕಹಿಯಾಯಿತು. ಒಂದು ಸಂಜೆ ನನ್ನ ಅರ್ಧ ವಯಸ್ಸಿನ ಹುಡುಗನೊಬ್ಬನು ನನ್ನ ತೋಳನ್ನು ಹಿಡಿದು ನೇರಮಾಡಿದಾಗ, ಇವನಿಗೆ ಸೋಲಬೇಕೆ ಎಂಬ ಹುಚ್ಚು ಹಟದಿಂದ ಕೈತಟ್ಟಲು ತಡಮಾಡಿದೆನು. ಮೊಳಕೈಯಲ್ಲಿ ಲಟಕ್ಕೆಂದು ಶಬ್ದವಾಯಿತು. ಆ ಹುಡುಗನು ಹೆದರಿ ಬಿಳುಪಾದನು, ತಪ್ಪು ನನ್ನದೇ.

ಆರು ವಾರ ಕೈಗೆ ಪಟ್ಟಿ. ನೀರಿನ ಕೊಡವನ್ನೆತ್ತಲಾರೆ, ಎತ್ತಿಕೋ ಎಂದು ಬಂದ ಮಗಳನ್ನೆತ್ತಲಾರೆ. ಮಂಚದಿಂದೇಳಲು ಆಸರೆ ಬೇಕಾದ ನನ್ನ ತಾಯಿಯನ್ನು ಆ ಆರು ವಾರವೂ ನನ್ನ ಪತ್ನಿಯೊಬ್ಬಳೇ ಎತ್ತಿ ಕೂರಿಸಿದಳು. ಅವಳು ಕೋಪಿಸಿಕೊಳ್ಳಲಿಲ್ಲ. “ನೀವು ಅಲ್ಲಿ ಗೆದ್ದರೆ ನಮಗೇನು, ಸೋತರೆ ನಮಗೇನು? ಕೈಕಾಲುಗಳನ್ನು ಮಾತ್ರ ಸರಿಯಾಗಿ ಮನೆಗೆ ತನ್ನಿ” ಎಂದಳು. ಗುರುಗಳಿಂದ ಕಲಿಯದ ಪಾಠವನ್ನು ಅಂದು ಮನೆಯಲ್ಲಿ ಕಲಿತೆನು. ಆ ಎರಡು ಸಂಜೆಗಳು ನನ್ನವೆಂದು ಭಾವಿಸಿದ್ದೆ; ಅವು ಮನೆಯವರು ತಮ್ಮ ಹೊತ್ತಿನಿಂದ ಕಡಿದುಕೊಟ್ಟ ಸಾಲ. ಸಾಲದ ಹಣವನ್ನು ಚೆಲ್ಲಾಡುವುದು ಹೇಗೆ ಸಲ್ಲದೋ ಸಾಲದ ಕಾಲವನ್ನೂ ಹಾಗೆ ಚೆಲ್ಲಾಡಬಾರದು. ಕೈ ಗುಣವಾದ ಮೇಲೆ ಹಿಡಿದ ಕ್ರಮವನ್ನು ಕೆಳಗೆ ವಿವರಿಸುವೆನು.

ಸ್ವಲ್ಪವನ್ನೇ ಆರಿಸುವುದು

ಮೂರು ತಿಂಗಳಿಗೆ ಒಂದೇ ವಿಷಯ. ಮೊದಲು ಕಲಿಯತಕ್ಕದ್ದು ತಪ್ಪಿಸಿಕೊಳ್ಳುವುದು. ಏಕೆಂದರೆ ಹೊಸಬನು ಹೆಚ್ಚು ಹೊತ್ತು ಇರುವುದು ಕೆಳಗಡೆಯೇ. ಎದುರಾಳಿಯು ಎದೆಯ ಮೇಲೆ ಸವಾರಿಮಾಡಿ ಕುಳಿತಾಗ ಎರಡು ಉಪಾಯಗಳುಂಟು. ಒಂದು, ಅವನ ಒಂದು ಕೈಯನ್ನೂ ಅದೇ ಮಗ್ಗುಲಿನ ಪಾದವನ್ನೂ ಕಟ್ಟಿಹಾಕಿ, ಸೊಂಟವನ್ನು ಮೇಲೆತ್ತಿ, ಆ ಮಗ್ಗುಲಿಗೇ ಉರುಳಿಸುವುದು. ಅವನು ಕೈಯನ್ನು ಊರಿ ತಡೆಯಲಾರನಾದುದರಿಂದ ಬೀಳುವನು. ಇನ್ನೊಂದು, ಮಗ್ಗುಲಾಗಿ ತಿರುಗಿ, ಮುಂಗೈಯಿಂದ ಅವನ ತೊಡೆಯನ್ನು ತಡೆದು, ಸೊಂಟವನ್ನು ಹಿಂದಕ್ಕೆ ಸರಿಸಿ, ಮೊಣಕಾಲನ್ನು ನಡುವೆ ತೂರಿಸುವುದು. ಒಂದನ್ನು ಅವನು ತಡೆದರೆ ಇನ್ನೊಂದಕ್ಕೆ ದಾರಿಯಾಗುವುದು.

ಮುಂದೆ ಆಕ್ರಮಣಕ್ಕೂ ಹೀಗೆಯೇ ಒಂದಕ್ಕೊಂದು ಉತ್ತರಕೊಡುವ ಜೋಡಿಯನ್ನು ಆರಿಸಬೇಕು. ಕಾಲುಗಳಿಂದ ಎದುರಾಳಿಯ ಸೊಂಟವನ್ನು ಸುತ್ತಿ ಮಲಗಿದ ಸ್ಥಿತಿಗೆ ಗಾರ್ಡ್ ಎಂದು ಹೆಸರು. ಅಲ್ಲಿಂದ ಕಾಲು ಬಿಡಿಸಿ ಎದ್ದು ಕುಳಿತು ಸೊಂಟದಿಂದ ನೂಕಿ ಅವನನ್ನು ಕೆಡಹಲು ಯತ್ನಿಸಿದರೆ, ಅವನು ಬೀಳದಿರಲು ಹಿಂದಕ್ಕೆ ಕೈಯೂರುವನು. ಊರಿದ ಆ ಕೈಯೇ ಕಿಮುರಾ ಎಂಬ ತೋಳಿನ ಪಟ್ಟಿಗೆ ಸಿಕ್ಕುವುದು. ಊರದಿದ್ದರೆ ಬೀಳುವನು. ಬಿಡಿಬಿಡಿಯಾದ ಹತ್ತು ಪಟ್ಟುಗಳಿಗಿಂತ ಇಂತಹ ಒಂದು ಜೋಡಿ ಮೇಲು.

ಸೆಣಸುವ ಹೊತ್ತನ್ನು ಉಳಿಸುವುದು

ನಿಂತಲ್ಲಿಂದ ಆರಂಭಿಸಿ ಐದು ನಿಮಿಷ ಸೆಣಸಿದರೆ, ನಾವು ಕಲಿಯುತ್ತಿರುವ ಸ್ಥಿತಿ ಒಂದು ಬಾರಿ ಬಂದರೆ ಬಂತು, ಇಲ್ಲವಾದರೆ ಇಲ್ಲ. ಅದಕ್ಕೆ ಬದಲಾಗಿ ಜೊತೆಗಾರನನ್ನು ವಿನಯದಿಂದ ಕೇಳಿಕೊಂಡು, ಅವನು ಎದೆಯ ಮೇಲೆ ಕುಳಿತಲ್ಲಿಂದಲೇ ಆರಂಭಿಸಬೇಕು; ತಪ್ಪಿಸಿಕೊಂಡರೆ ಅಥವಾ ಸೋತರೆ ಪುನಃ ಅದೇ ಸ್ಥಿತಿ. ಐದು ನಿಮಿಷದಲ್ಲಿ ಐದಾರು ಪ್ರಯತ್ನಗಳಾಗುವುವು. ನಲವತ್ತು ನಿಮಿಷದ ಬಡವನು ಹೀಗೆ ಶ್ರೀಮಂತನಾಗುವನು. ತರಗತಿಗೆ ಹತ್ತು ನಿಮಿಷ ಮುಂಚೆ ಹೋಗಿ ಗುರುಗಳಿಗೆ ಒಂದೇ ಒಂದು ಪ್ರಶ್ನೆ ಹಾಕುವುದೂ ಬಹು ಲಾಭಕರ.

ಎರಡು ದಿನಗಳ ನಡುವೆ ಅಂತರ

ಇರುವ ಮೂರು ಗಂಟೆಯನ್ನು ಭಾನುವಾರವೊಂದರಲ್ಲೇ ಮುಗಿಸೋಣವೆಂದು ಕೆಲವರಿಗೆ ಅನ್ನಿಸುವುದು. ಅದು ಲೇಸಲ್ಲ. ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಇಂಗ್ಲೆಂಡಿನ ಅಂಚೆಯ ನೌಕರರು ಬೆರಳಚ್ಚು ಕಲಿಯುವುದನ್ನು ಪರೀಕ್ಷಿಸಿ 1978ರಲ್ಲಿ ಪ್ರಕಟಿಸಿದರು. ದಿನಕ್ಕೆ ಒಂದೇ ಗಂಟೆ ಕಲಿತವರು ಸುಮಾರು 35 ಗಂಟೆಗಳಲ್ಲಿ ಕೀಲಿಗಳನ್ನು ಕರಗತಮಾಡಿಕೊಂಡರು. ದಿನಕ್ಕೆ ನಾಲ್ಕು ಗಂಟೆ ಕಲಿತವರಿಗೆ ಸುಮಾರು 50 ಗಂಟೆಗಳು ಬೇಕಾದುವು. ಇನ್ನೂ ಸ್ವಾರಸ್ಯವೇನೆಂದರೆ, ಗಂಟೆಯೊಂದರ ಲಾಭವನ್ನು ಹೆಚ್ಚಾಗಿ ಪಡೆದ ಮೊದಲಿನವರೇ ತಮ್ಮ ಕ್ರಮದ ವಿಷಯದಲ್ಲಿ ಕಡಿಮೆ ತೃಪ್ತರಾಗಿದ್ದರು. ಏಕೆಂದರೆ ದಿನಗಳ ಲೆಕ್ಕದಲ್ಲಿ ಅವರು ಹಿಂದೆಬಿದ್ದಂತೆ ಕಾಣುತ್ತಿತ್ತು. ಬೆರಳಚ್ಚು ಬೇರೆ, ಮಲ್ಲವಿದ್ಯೆ ಬೇರೆ ಎಂಬುದು ನಿಜ. ಆದರೂ ನಿಧಾನವಾಗಿ ಕಲಿಯುವವನಿಗೆ ಒಂದು ಸಮಾಧಾನ ಇದರಲ್ಲುಂಟು: ಹಿಂದೆಬಿದ್ದೆನೆಂಬ ಭಾವನೆ ಕಲಿಯುತ್ತಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ.

ಮನೆಯ ಹತ್ತು ನಿಮಿಷ

ಮಿಕ್ಕ ದಿನಗಳಲ್ಲಿ ಜಮಖಾನ ಹಾಸಿ ಹತ್ತು ನಿಮಿಷ ಸಾಕು. ಮಲಗಿ ಸೊಂಟವನ್ನೆತ್ತಿ ಎಡಬಲಕ್ಕೆ ತಿರುಗುವುದು, ಮಗ್ಗುಲಾಗಿ ಸೊಂಟವನ್ನು ಹಿಂದಕ್ಕೆ ಸರಿಸುವುದು, ಒಂದು ಕೈಯೂರಿ ಎದುರನ್ನು ನೋಡುತ್ತಲೇ ಎದ್ದು ನಿಲ್ಲುವುದು, ಈ ಮೂರು ಚಲನೆಗಳಿಗೆ ಜೊತೆಗಾರನು ಬೇಕಿಲ್ಲ. ನಮ್ಮ ಮನೆಯಲ್ಲಿ ಮಗಳೂ ಪಕ್ಕದಲ್ಲಿ ಮಲಗಿ ನನಗಿಂತ ಅಂದವಾಗಿ ಮಾಡುವಳು. ತಲೆಯ ಮೇಲೆ ಭಾರ ಬಿಟ್ಟು ಕುತ್ತಿಗೆಯನ್ನು ಬಗ್ಗಿಸುವ ಸಾಹಸ ಮಾತ್ರ ನಮ್ಮ ವಯಸ್ಸಿನವರಿಗೆ ಬೇಡ. ರಕ್ತದೊತ್ತಡ, ಕೀಲುನೋವು ಇರುವವರು ಆರಂಭಕ್ಕೆ ಮುಂಚೆಯೇ ವೈದ್ಯರನ್ನು ಕೇಳತಕ್ಕದ್ದು. ಉಗುರು ಕತ್ತರಿಸಿಕೊಳ್ಳುವುದು, ಮನೆಗೆ ಬಂದೊಡನೆ ಸ್ನಾನ, ತೊಟ್ಟ ಅಂಗಿಯನ್ನು ಅಂದೇ ಒಗೆಯುವುದು ಇವೂ ಅಭ್ಯಾಸದ ಭಾಗಗಳೇ. ಇಲ್ಲವಾದರೆ ಗಜಕರ್ಣವನ್ನು ಮನೆಮಂದಿಗೆಲ್ಲ ಹಂಚಿದಂತಾಗುವುದು. ಒಗೆಯುವವನು ತೊಟ್ಟವನೇ ಆಗಿರಲಿ.

ಬರೆದಿಡುವುದು

ತರಗತಿ ಮುಗಿದ ರಾತ್ರಿ ಮೂರು ಸಾಲು ಬರೆಯಬೇಕು: ಏನನ್ನು ಯತ್ನಿಸಿದೆ, ಎಲ್ಲಿ ತಡೆಯಾಯಿತು, ಮುಂದಿನ ಬಾರಿ ಏನು ಕೇಳಬೇಕು. ಅಂಗಳದಲ್ಲಿ ಬಿಡದ ಗಂಟು ಕೋಣೆಯಲ್ಲಿ ಬಿಡುವುದುಂಟು. ಕಾನೊ ಅವರೇ ವಿದ್ಯಾರ್ಥಿದೆಸೆಯಲ್ಲಿ ತಮಗಿಂತ ಬಹು ಭಾರದ ಸಹಪಾಠಿಯೊಬ್ಬನನ್ನು ಕೆಡಹಲಾರದೆ, ಪುಸ್ತಕಾಲಯಕ್ಕೆ ಹೋಗಿ ಪಾಶ್ಚಾತ್ಯ ಕುಸ್ತಿಯ ಗ್ರಂಥಗಳನ್ನು ಹುಡುಕಿದರು. ಅಲ್ಲಿ ಕಂಡ, ಎದುರಾಳಿಯನ್ನು ಹೆಗಲುಗಳ ಮೇಲೆ ಹೊತ್ತು ಕೆಡಹುವ ಪಟ್ಟನ್ನು ಮಿತ್ರರೊಡನೆ ಸಾಧಿಸಿ, ಕೊನೆಗೆ ಅವನನ್ನು ಗೆದ್ದರು. ಅದೇ ಇಂದು ಜೂಡೋದಲ್ಲಿ ಕಾತಾ ಗುರುಮಾ ಎನ್ನಿಸಿಕೊಂಡಿದೆ.

ಸೋಲನ್ನು ಬೇಗ ಒಪ್ಪುವುದು

ಇದು ಕೊನೆಯದಾದರೂ ಎಲ್ಲಕ್ಕಿಂತ ಮುಖ್ಯವಾದುದು. 1951ರ ಅಕ್ಟೋಬರಿನಲ್ಲಿ ರಿಯೋ ನಗರದ ಮರಕಾನಾ ಕ್ರೀಡಾಂಗಣದಲ್ಲಿ ಹೀಲಿಯೊ ಗ್ರೇಸಿಯವರು ಜಪಾನಿನ ಮಸಾಹಿಕೊ ಕಿಮುರಾ ಎಂಬ ಮಹಾಮಲ್ಲನನ್ನು ಎದುರಿಸಿದರು. ಕಿಮುರಾ ಅವರ ತೋಳನ್ನು ಬೆನ್ನ ಕಡೆಗೆ ತಿರುಚಿದರೂ ಹೀಲಿಯೊ ಕೈತಟ್ಟಲಿಲ್ಲ. ಅಣ್ಣ ಕಾರ್ಲೊಸ್ ಅವರೇ ಆಟವನ್ನು ನಿಲ್ಲಿಸಬೇಕಾಯಿತು. ಮೇಲೆ ಹೇಳಿದ ಪಟ್ಟಿಗೆ ಕಿಮುರಾ ಎಂಬ ಹೆಸರು ಬಂದುದು ಅಂದಿನಿಂದ. ಸಾವಿರಾರು ಜನರೆದುರಿಗೆ ತಮ್ಮ ಕಲೆಯ ಮಾನಕ್ಕಾಗಿ ನಿಂತ ವೀರರಿಗೆ ಅದು ಒಪ್ಪಬಹುದು. ಮಂಗಳವಾರದ ಸಂಜೆ ಯಾರೂ ನೋಡದೆಡೆಯಲ್ಲಿ ಸೆಣಸುವ ನನಗೆ ಆ ಹಟ ಭೂಷಣವೆ? ಆರು ವಾರ ಮನೆಯಲ್ಲಿ ಕುಳಿತರೆ ಹನ್ನೆರಡು ತರಗತಿಗಳು ಹೋದುವು. ಕೈತಟ್ಟಲು ಬೇಕಾದುದು ಒಂದು ಕ್ಷಣ. ಮತ್ತೆ ಕೈಕುಲುಕಿ ಆರಂಭಿಸಬಹುದು. ಅಲ್ಪ ಕಾಲವುಳ್ಳವನಿಗೆ ಎಲ್ಲಕ್ಕಿಂತ ದೊಡ್ಡ ಉಳಿತಾಯ ಇದೇ.

ಶಕ್ತಿಯನ್ನು ಅತ್ಯುತ್ತಮವಾಗಿ ಬಳಸುವುದು, ತಾನೂ ಇತರರೂ ಕೂಡಿ ಏಳಿಗೆಹೊಂದುವುದು ಎಂಬ ಎರಡು ಸೂತ್ರಗಳನ್ನು ಕಾನೊ ಅವರು ತಮ್ಮ ವಿದ್ಯೆಗೆ ತಳಹದಿಯಾಗಿ ಇಟ್ಟರು. ಕಾಲ ಧಾರಾಳವಾಗಿರುವವನಿಗೆ ಇವು ಉಪದೇಶವಾಗಿ ಉಳಿಯಬಹುದು. ಸಂಸಾರಿಗೆ ಇವು ದಿನನಿತ್ಯದ ಅಗತ್ಯ.

ಈ ಕ್ರಮವನ್ನು ಹಿಡಿದು ಎರಡು ವರ್ಷ ಸಂದಿವೆ. ನನ್ನ ಪಟ್ಟಿ ಇನ್ನೂ ಬಿಳಿಯೇ. ಆದರೆ ಕಳೆದ ತಿಂಗಳು ಹಿಂದೆ ನನ್ನ ತೋಳನ್ನು ಹಿಡಿದಿದ್ದ ಹುಡುಗನು, ಈಗ ನೀಲಿ ಪಟ್ಟಿಯವನು, ಎದೆಯ ಮೇಲೆ ಕುಳಿತಾಗ, ಯೋಚಿಸುವುದಕ್ಕೆ ಮುಂಚೆಯೇ ನನ್ನ ಸೊಂಟ ಎದ್ದಿತು; ಅವನು ಉರುಳಿದನು. ಒಂದು ನಿಮಿಷದೊಳಗೆ ಅವನು ಮತ್ತೆ ನನ್ನ ಕೊರಳನ್ನು ಹಿಡಿದನು. ನಾನು ಒಡನೆಯೇ ಕೈತಟ್ಟಿದೆನು. “ಚೆನ್ನಾಗಿ ಬಂತು ಸಾರ್” ಎಂದು ಅವನು ನಕ್ಕನು. ಅಂದು ರಾತ್ರಿ ಮನೆಗೆ ಬಂದಾಗ ತಾಯಿಯವರು ನೀರು ಬೇಕೆಂದರು. ಎರಡೂ ತೋಳುಗಳಿಂದ ಅವರನ್ನು ಎತ್ತಿ ಕೂರಿಸಿ ನೀರು ಕೊಟ್ಟೆನು.