‘ಎಸ್ಟಾಬ್ಲಿಷ್’ ಎಂದರೆ ಸ್ಥಾಪಿಸುವುದಷ್ಟೇ ಅಲ್ಲ

ಬೆಳ್ತಂಗಡಿ, ಬಂಟ್ವಾಳ ಭಾಗದ ಕೃಷಿಕರ ಮನೆಗಳಲ್ಲಿ ಭೂಸುಧಾರಣೆಯ ಕಾಲದ ಕಡತಗಳನ್ನು ಇಂದಿಗೂ ಜೋಪಾನವಾಗಿ ಕಾಪಾಡಿಕೊಂಡು ಬಂದಿರುವುದುಂಟು. ಗೇಣಿ ಚೀಟಿ, ಪಹಣಿಯ ಪ್ರತಿ, ಭೂನ್ಯಾಯ ಮಂಡಳಿಯ ಆದೇಶ ಇವುಗಳ ಜೊತೆಗೆ, ವ್ಯಾಜ್ಯ ಮೇಲಕ್ಕೆ ಹೋಗಿದ್ದರೆ ಉಚ್ಚ ನ್ಯಾಯಾಲಯದ ಇಂಗ್ಲಿಷ್ ತೀರ್ಪೂ ಅದರಲ್ಲಿರುತ್ತದೆ. ಇಂತಹ ತೀರ್ಪುಗಳಲ್ಲಿ ಮತ್ತೆ ಮತ್ತೆ ಎದುರಾಗುವ ಕ್ರಿಯಾಪದವೊಂದಿದೆ. ಅದು ‘ಎಸ್ಟಾಬ್ಲಿಷ್’. ಶಾಲೆಯಲ್ಲಿ ಅದಕ್ಕೆ ‘ಸ್ಥಾಪಿಸು’ ಎಂಬ ಒಂದೇ ಅರ್ಥವನ್ನು ಕಲಿತವರು, ಅರ್ಜಿದಾರನು ತನ್ನ ಗೇಣಿಯನ್ನು ‘ಎಸ್ಟಾಬ್ಲಿಷ್’ ಮಾಡಿಲ್ಲ ಎಂಬ ಮಾತನ್ನು ಓದಿದಾಗ ಗೊಂದಲಕ್ಕೆ ಒಳಗಾಗುವುದು ಸಹಜ. ಗೇಣಿಯನ್ನು ಸ್ಥಾಪಿಸುವುದಾದರೂ ಹೇಗೆ?

ಪದದ ಮೂಲವನ್ನು ನೋಡಿದರೆ ಉತ್ತರ ಸುಲಭವಾಗುತ್ತದೆ. ಲ್ಯಾಟಿನ್ ಭಾಷೆಯಲ್ಲಿ ‘ಸ್ಟಾರೆ’ ಎಂದರೆ ನಿಲ್ಲುವುದು. ‘ಸ್ಟಾಬಿಲಿಸ್’ ಎಂದರೆ ಗಟ್ಟಿಯಾಗಿ ನಿಂತಿರುವಂಥದ್ದು. ಅಲ್ಲಿಂದ ಹಳೆಯ ಫ್ರೆಂಚ್ ಭಾಷೆಯ ಮೂಲಕ ಈ ಪದ ಇಂಗ್ಲಿಷಿಗೆ ಬಂದಿತು. ಸಂಸ್ಕೃತದ ‘ಸ್ಥಾ’ ಧಾತುವೂ ಅದೇ ಪ್ರಾಚೀನ ಮೂಲದ್ದು. ಆದುದರಿಂದ ನಮ್ಮ ಸ್ಥಾಪನೆ, ಸ್ಥಿರ, ಪ್ರತಿಷ್ಠೆ ಎಂಬ ಪದಗಳು ‘ಎಸ್ಟಾಬ್ಲಿಷ್’ ಪದದ ದೂರದ ಬಂಧುಗಳೇ ಆಗಿವೆ. ಇವೆಲ್ಲದರ ಹಿಂದಿರುವ ಭಾವನೆ ಒಂದೇ: ಅಲುಗಾಡದಂತೆ ನಿಲ್ಲಿಸುವುದು. ಏನನ್ನು ನಿಲ್ಲಿಸುತ್ತೇವೆ ಎಂಬುದರ ಮೇಲೆ ಇಂಗ್ಲಿಷಿನಲ್ಲಿ ಅರ್ಥ ಬದಲಾಗುತ್ತ ಹೋಗುತ್ತದೆ.

ಮೊದಲನೆಯದು ಸಂಸ್ಥೆ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು ಎನ್ನುವಾಗ ಈ ಕ್ರಿಯಾಪದ ಸರಿಯಾಗಿ ಹೊಂದುತ್ತದೆ. ದೀರ್ಘಕಾಲ ಬಾಳಬೇಕೆಂಬ ಉದ್ದೇಶದಿಂದ ಆರಂಭಿಸಿದ ಶಾಲೆ, ಸಂಘ, ಉದ್ಯಮಗಳಿಗೂ ಇದು ಸಲ್ಲುತ್ತದೆ. ಆದರೆ ನಾಲ್ಕು ದಿನದ ಜಾತ್ರೆಯಲ್ಲಿ ಹಾಕುವ ಅಂಗಡಿಗೆ ಇದನ್ನು ಬಳಸಿದರೆ ಅತಿಯಾಗುತ್ತದೆ. ಅಲ್ಲಿ ‘ಸೆಟ್ ಅಪ್’ ಎಂದರೆ ಸಾಕು.

ಎರಡನೆಯದು ವಿಗ್ರಹ. ನಮ್ಮಲ್ಲಿ ಅತಿ ಹೆಚ್ಚು ತಪ್ಪು ನುಸುಳುವುದು ಇಲ್ಲಿಯೇ. ವೇಣೂರಿನ ಬಾಹುಬಲಿಯನ್ನು ತಿಮ್ಮಣ್ಣ ಅಜಿಲನು 1604ರಲ್ಲಿ ಪ್ರತಿಷ್ಠಾಪಿಸಿದನು. ಧರ್ಮಸ್ಥಳದ ಬಾಹುಬಲಿ ವಿಗ್ರಹ ಕಾರ್ಕಳದಿಂದ 1973ರಲ್ಲಿ ಬಂದು, 1982ರಲ್ಲಿ ಪ್ರತಿಷ್ಠಾಪನೆಗೊಂಡಿತು. ಇವುಗಳನ್ನು ಇಂಗ್ಲಿಷಿನಲ್ಲಿ ಹೇಳುವಾಗ ‘ಎಸ್ಟಾಬ್ಲಿಷ್’ ಎನ್ನುವುದು ವಾಡಿಕೆಯಲ್ಲ, ‘ಇನ್‌ಸ್ಟಾಲ್’ ಎನ್ನಬೇಕು. ಧಾರ್ಮಿಕ ವಿಧಿಗೆ ಒತ್ತು ಕೊಡುವುದಾದರೆ ‘ಕಾನ್ಸಿಕ್ರೇಟ್’ ಎಂಬ ಪದವಿದೆ. ಕಂಪ್ಯೂಟರಿಗೆ ತಂತ್ರಾಂಶ ಹಾಕುವುದಕ್ಕೂ ಇಂಗ್ಲಿಷಿನವರು ‘ಇನ್‌ಸ್ಟಾಲ್’ ಎನ್ನುತ್ತಾರೆ. ಯಾವುದನ್ನಾದರೂ ಅದರ ಸ್ಥಾನದಲ್ಲಿ ಇರಿಸುವುದು ಅದರ ಅರ್ಥ.

ಮೂರನೆಯದು ಸಸಿ. ನೆಟ್ಟ ಅಡಿಕೆ ಸಸಿ ಬಿಸಿಲಿಗೆ ಬಾಡದೆ, ಬೇರು ಇಳಿಸಿ, ತಾನಾಗಿಯೇ ಚಿಗುರತೊಡಗಿದಾಗ ಕೃಷಿ ವಿಜ್ಞಾನದ ಇಂಗ್ಲಿಷಿನಲ್ಲಿ ಅದು ‘ಎಸ್ಟಾಬ್ಲಿಷ್’ ಆಯಿತೆನ್ನುತ್ತಾರೆ. ನಮ್ಮ ತೋಟದವರು ‘ಗಿಡ ಬೇರು ಹಿಡಿಯಿತು’ ಎನ್ನುವುದು ಇದನ್ನೇ. ನೆಡುವ ಕೆಲಸ ಒಂದು ದಿನದ್ದು, ಬೇರು ಹಿಡಿಯಲು ಕಾಲ ಬೇಕು. ಈ ಭೇದವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಕ್ರಿಯಾಪದದ ಉಳಿದ ಬಳಕೆಗಳೂ ತಿಳಿಯಾಗುತ್ತವೆ. ‘ಎಸ್ಟಾಬ್ಲಿಷ್ಡ್’ ಲೇಖಕ ಎಂದರೆ ಯಾರೋ ಸ್ಥಾಪಿಸಿದ ಲೇಖಕನಲ್ಲ; ಓದುಗರ ನಡುವೆ ನೆಲೆ ಕಂಡುಕೊಂಡವನು.

ಇದೇ ಗುಂಪಿಗೆ ಸೇರಿದ ಇನ್ನೊಂದು ಪದ ‘ಎನ್‌ಟ್ರೆಂಚ್’. ‘ಟ್ರೆಂಚ್’ ಎಂದರೆ ಕಂದಕ. ಸೈನ್ಯ ಕಂದಕ ತೋಡಿ ಕುಳಿತ ಮೇಲೆ ಅದನ್ನು ಕದಲಿಸುವುದು ಕಷ್ಟ. ಹೀಗಾಗಿ ಲಂಚಗುಳಿತನ, ಜಾತಿಭೇದ, ಪಟ್ಟಭದ್ರ ಹಿತಾಸಕ್ತಿಗಳಂತಹ ಕೀಳಲಾಗದ ಕೆಡುಕುಗಳಿಗೆ ಈ ಪದ ಹೆಚ್ಚಾಗಿ ಬಳಕೆಯಾಗುತ್ತದೆ. ಒಳ್ಳೆಯ ಶಾಲೆಯೊಂದನ್ನು ಹೊಗಳುವಾಗ ಇದನ್ನು ಬಳಸಿದರೆ ಹೊಗಳಿಕೆ ನಿಂದೆಯಾದೀತು.

ಈಗ ಆರಂಭದ ತೀರ್ಪಿಗೆ ಮರಳೋಣ. ನ್ಯಾಯಾಲಯದಲ್ಲಿ ನಿಲ್ಲಿಸಬೇಕಾದುದು ಕಟ್ಟಡವನ್ನಲ್ಲ, ಸಂಗತಿಯನ್ನು. ಎದುರು ಪಕ್ಷದವರು ಎಷ್ಟು ಪ್ರಶ್ನಿಸಿದರೂ ಬೀಳದಂತೆ ಒಂದು ಸಂಗತಿಯನ್ನು ಸಾಕ್ಷ್ಯದ ಆಧಾರದಿಂದ ನಿಲ್ಲಿಸುವುದೇ ಇಲ್ಲಿ ‘ಎಸ್ಟಾಬ್ಲಿಷ್’. ಕನ್ನಡದಲ್ಲಿ ಇದಕ್ಕೆ ರುಜುವಾತುಪಡಿಸು, ಸಾಬೀತುಪಡಿಸು ಎಂಬ ಪದಗಳಿವೆ. ಕರ್ನಾಟಕ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಗೇಣಿ ಭೂಮಿಗಳು ಸರಕಾರದಲ್ಲಿ ವಿಹಿತವಾದವು. ಆ ದಿನಕ್ಕೆ ತಾನು ಗೇಣಿದಾರನಾಗಿದ್ದೆನೆಂದು ತೋರಿಸಿಕೊಟ್ಟವನು ಅಧಿಭೋಗದ ಹಕ್ಕು ಪಡೆಯಬಹುದಾಗಿತ್ತು. ಚಾಲಗೇಣಿಗೆ ದುಡಿಯುತ್ತಿದ್ದ ಎಷ್ಟೋ ಕುಟುಂಬಗಳ ಬಳಿ ಚೀಟಿಯೇ ಇರಲಿಲ್ಲ. ಅಂಥವರು ಪಹಣಿಯ ನಮೂದು, ನೆರೆಹೊರೆಯವರ ಹೇಳಿಕೆಗಳನ್ನು ನೆಚ್ಚಬೇಕಾಯಿತು. ಆದುದರಿಂದ ತೀರ್ಪಿನ ಆ ಮಾತಿಗೆ, ಆತನು ಭೂಮಿಯನ್ನು ಉಳಲೇ ಇಲ್ಲ ಎಂಬ ಅರ್ಥ ಬರುವುದಿಲ್ಲ. ಗೇಣಿಗೆ ಉಳುತ್ತಿದ್ದನೆಂಬುದಕ್ಕೆ ಮುಂದಿಟ್ಟ ಆಧಾರ ಸಾಲದಾಯಿತು ಎಂದಷ್ಟೇ ಅದರ ಅರ್ಥ. ಹಿರಿಯರು ಸುಳ್ಳು ಹೇಳಿದರೆಂದು ನ್ಯಾಯಾಲಯ ತೀರ್ಮಾನಿಸಿತು ಎಂದು ಮೊಮ್ಮಕ್ಕಳು ಭಾವಿಸಿಕೊಂಡರೆ ಅದು ಪದವನ್ನು ತಪ್ಪಾಗಿ ಓದಿದ ಫಲವೇ ಆಗಿರಬಹುದು.

ಈ ಒಂದು ಪದದ ಸುತ್ತ ಸಂವಿಧಾನದ ಚರ್ಚೆಯೂ ನಡೆದಿದೆ. ಧಾರ್ಮಿಕ ಹಾಗೂ ಭಾಷಿಕ ಅಲ್ಪಸಂಖ್ಯಾತರು ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ‘ಎಸ್ಟಾಬ್ಲಿಷ್’ ಮಾಡಿ ನಡೆಸಬಹುದೆಂದು 30ನೆಯ ವಿಧಿ ಹೇಳುತ್ತದೆ. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರೂ ಇಂತಹ ಭಾಷಿಕ ಅಲ್ಪಸಂಖ್ಯಾತರೇ. ಅಲಿಗಢ ಮುಸ್ಲಿಂ ವಿಶ್ವವಿದ್ಯಾನಿಲಯದ ವಿಚಾರದಲ್ಲಿ 1967ರಲ್ಲಿ ಸುಪ್ರೀಂ ಕೋರ್ಟ್, ಈ ಪದಕ್ಕೆ ಅಸ್ತಿತ್ವಕ್ಕೆ ತರುವುದು ಎಂಬ ಅರ್ಥ ನೀಡಿ, ಅದನ್ನು ಅಸ್ತಿತ್ವಕ್ಕೆ ತಂದದ್ದು ಕೇಂದ್ರದ ಶಾಸನವೆಂದು ಹೇಳಿತ್ತು. 2024ರ ನವೆಂಬರಿನಲ್ಲಿ ಏಳು ನ್ಯಾಯಮೂರ್ತಿಗಳ ಪೀಠವು 4-3ರ ಬಹುಮತದಿಂದ ಆ ನಿಲುವನ್ನು ತಳ್ಳಿಹಾಕಿತು. ಶಾಸನದ ಮೂಲಕ ರೂಪುಗೊಂಡಿತು ಎಂಬುದಷ್ಟೇ ಸಾಲದು, ಸಂಸ್ಥೆಯ ಕಲ್ಪನೆ ಯಾರದು, ಹಣ ಹೊಂದಿಸಿದವರು ಯಾರು, ಮುಂದೆ ನಿಂತು ದುಡಿದವರು ಯಾರು ಎಂಬುದನ್ನು ನೋಡಬೇಕೆಂದಿತು. ಆ ವಿಶ್ವವಿದ್ಯಾನಿಲಯದ ಸ್ಥಾನಮಾನದ ನಿರ್ಣಯವನ್ನು ಬೇರೆ ಪೀಠಕ್ಕೆ ಬಿಟ್ಟುಕೊಟ್ಟಿತು.

ಕನ್ನಡ ಮಾಧ್ಯಮದಲ್ಲಿ ಕಲಿತು ಇಂಗ್ಲಿಷ್ ಓದುವವರಿಗೆ ಇಲ್ಲೊಂದು ಸುಲಭ ಸೂತ್ರವಿದೆ. ‘ಎಸ್ಟಾಬ್ಲಿಷ್’ ಕಂಡಾಗ ಮೊದಲು ಅದರ ಕರ್ಮಪದವನ್ನು ಹುಡುಕಬೇಕು. ಅದು ಸಂಸ್ಥೆಯಾದರೆ ಸ್ಥಾಪಿಸುವುದು, ಗಿಡವಾದರೆ ಬೇರೂರಿಸುವುದು, ಹೆಸರಾದರೆ ಗಳಿಸುವುದು, ಸಂಪರ್ಕವಾದರೆ ಏರ್ಪಡಿಸುವುದು, ಸಂಗತಿಯಾದರೆ ರುಜುವಾತುಪಡಿಸುವುದು. ಮನೆಯ ಹಳೆಯ ಕಡತವನ್ನು ಬಿಚ್ಚುವ ಮುನ್ನ ಇಷ್ಟು ನೆನಪಿದ್ದರೆ, ಮುಂದೆ ವಕೀಲರ ಬಳಿ ಯಾವ ಪ್ರಶ್ನೆ ಕೇಳಬೇಕೆಂಬುದಾದರೂ ಸ್ಪಷ್ಟವಾಗುತ್ತದೆ.