ಮನೆಬಾಗಿಲಿನ ಮೋರಿ

ಗೃಹಸ್ಥನ ಅಧಿಕಾರವು ಗೇಟಿನೊಳಗೇ ಮುಗಿಯುವುದೆಂಬುದನ್ನು ನಾನು ಅರುವತ್ತನೆಯ ವಯಸ್ಸಿನಲ್ಲಿ ಕಲಿತೆನು. ಮಗನು ಕಾರು ಕೊಂಡನು. ಗೇಟಿಗೂ ರಸ್ತೆಗೂ ನಡುವೆ ಮೋರಿ. "ಕೇಳುವವರಾರು ಮೇಷ್ಟ್ರೇ?" ಎಂದು ಮೇಸ್ತ್ರಿಯು ಅದರ ಮೇಲೆ ಕಾಂಕ್ರೀಟು ಹಾಕಿ ರಸ್ತೆಯವರೆಗೂ ಇಳಿಜಾರು ಕಟ್ಟಿದನು, ನಾನೂ ಸುಮ್ಮನಿದ್ದೆನು. ಮೊದಲ ಮಳೆಗೇ ಅದರಡಿಯಲ್ಲಿ ಕಸ ಸಿಕ್ಕಿ, ನೀರು ಹಿಮ್ಮರಳಿ, ಪಕ್ಕದ ಮನೆಯ ವೃದ್ಧೆಯ ಅಡುಗೆಮನೆಗೆ ನುಗ್ಗಿತು. ಅವರು ನೆನೆದ ಅಕ್ಕಿಯನ್ನು ಮೊರದಲ್ಲಿ ತಂದು ತೋರಿಸಿದರು, ಮಾತಾಡಲಿಲ್ಲ. ಪುರಸಭೆಯವರು ಬಂದು ಕಾಂಕ್ರೀಟನ್ನು ಒಡೆದುಹಾಕಿದರು.

1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಪ್ರಕಾರ ಸಾರ್ವಜನಿಕ ಬೀದಿಯೂ ಮೋರಿಯೂ ಪುರಸಭೆಯ ಅಧೀನದವು. ಅನುಮತಿಯಿಲ್ಲದೆ ಅವುಗಳ ಮೇಲೆ ಕಟ್ಟತಕ್ಕುದಲ್ಲ. ಅರ್ಜಿ, ನಕ್ಷೆ, ಕಂದಾಯದ ರಶೀದಿಗಳೊಡನೆ ಕಛೇರಿಗೆ ಹೋದೆನು. (ಎಷ್ಟು ಸಲ ಅಲೆದೆನೆಂಬುದನ್ನು ಇಲ್ಲಿ ವಿಸ್ತರಿಸುವುದಿಲ್ಲ.) ಎಂಜಿನಿಯರು ಸ್ಥಳವನ್ನು ನೋಡಿ, ಮೋರಿಯ ಅಗಲವಾಗಲಿ ಆಳವಾಗಲಿ ಕಿರಿದಾಗಕೂಡದೆಂದೂ, ಹೂಳು ತೆಗೆಯುವಾಗ ಎತ್ತಬಹುದಾದ ಬಿಡಿ ಚಪ್ಪಡಿಗಳನ್ನೇ ಹಾಸಬೇಕೆಂದೂ, ಇಳಿಜಾರು ಗೇಟಿನ ಒಳಗೇ ಇರಬೇಕೆಂದೂ ಹೇಳಿದರು. ಈ ಕಡೆಯ ಮಾತಿನಿಂದ ನಮ್ಮ ಮನೆಯವರ ಮಲ್ಲಿಗೆಯ ಪಾತಿ ಹೋಯಿತು. ಆ ವಿಷಯದಲ್ಲಿ ನನಗೆ ಇನ್ನೂ ಕ್ಷಮೆ ದೊರೆತಿಲ್ಲ.

ಈಗ ಮೋಡ ಕವಿದಾಗಲೆಲ್ಲ ಪಕ್ಕದ ಮನೆಯವರು ಜಗಲಿಗೆ ಬಂದು ನಮ್ಮ ಚಪ್ಪಡಿಗಳತ್ತ ನೋಡುವರು. ನಾನು ಮಗನಿಂದ ಒಂದನ್ನು ಎತ್ತಿಸಿ, ಒಳಗೆ ಕಸವಿಲ್ಲದುದನ್ನು ತೋರಿಸುವೆನು.